ಸ್ಟೆಂಟಿಗೆ ಬಿಲ್ಲಿದೆ, ಫೋನ್ ಕರೆಗೆ ಇಲ್ಲ

ಒಂದು ಸಣ್ಣ ಕೆಲಸ ಮಾಡಿ. ನಿಮ್ಮ ಮನೇಲೋ ನೆಂಟರ ಮನೇಲೋ ಯಾರಿಗಾದ್ರೂ ಸ್ಟೆಂಟ್ ಹಾಕಿಸಿದ್ರೆ, ಬೈಪಾಸ್ ಆಗಿದ್ರೆ, ಆ ಆಸ್ಪತ್ರೆ ಫೈಲು ತೆಗೆದು ಡಿಸ್ಚಾರ್ಜ್ ಸಮ್ಮರಿ ನೋಡಿ. ಮೊದಲ ಪುಟಗಳು ಬಹಳ ಶಿಸ್ತಾಗಿರುತ್ತವೆ. ಯಾವ ರಕ್ತನಾಳ ಎಷ್ಟು ಪರ್ಸೆಂಟ್ ಕಟ್ಟಿಕೊಂಡಿತ್ತು, ಯಾವ ಕಂಪನಿ ಸ್ಟೆಂಟು, ಅದರ ಉದ್ದ ಎಷ್ಟು ಮಿಲಿಮೀಟರು, ಅಗಲ ಎಷ್ಟು ಮಿಲಿಮೀಟರು... ಸ್ಟಿಕ್ಕರ್ ಸಮೇತ ಅಂಟಿಸಿರ್ತಾರೆ. ಕೊನೇ ಪುಟದಲ್ಲಿ ಗುಳಿಗೆಗಳ ಪಟ್ಟಿ. ಅದರ ಕೆಳಗೆ ಇಂಗ್ಲಿಷಿನಲ್ಲಿ ಒಂದೇ ಒಂದು ಸಾಲು. ಉಪ್ಪು, ಎಣ್ಣೆ ಕಡಿಮೆ ಮಾಡಿ, ಟೆನ್ಶನ್ ಮಾಡ್ಕೋಬೇಡಿ, ನಿಯಮಿತವಾಗಿ ವ್ಯಾಯಾಮ ಮಾಡಿ.

ಮುಗೀತು!

ಯಾವ ವ್ಯಾಯಾಮ? ಎಷ್ಟು ಹೊತ್ತು? ಮೆಟ್ಟಿಲು ಹತ್ತಬಹುದಾ? ಬೈಕ್ ಓಡಿಸಬಹುದಾ? ಕೊಡ ಎತ್ತಬಹುದಾ? ಗಂಡ ಹೆಂಡತಿ ಮೊದಲಿನ ಹಾಗೆ ಇರಬಹುದಾ? (ಈ ಕೊನೇ ಪ್ರಶ್ನೆಯನ್ನ ನಮ್ಮಲ್ಲಿ ಯಾರೂ ಬಾಯಿಬಿಟ್ಟು ಕೇಳಲ್ಲ, ಡಾಕ್ಟರೂ ತಾವಾಗಿ ಹೇಳಲ್ಲ.) ಎದೆಯಲ್ಲಿ ಚುಳುಕ್ ಅಂದ್ರೆ ಅದು ಹೊಲಿಗೆ ನೋವಾ, ಗ್ಯಾಸಾ, ಇನ್ನೊಂದು ಅಟ್ಯಾಕಾ? ಇಷ್ಟಕ್ಕೆಲ್ಲಾ ಉತ್ತರ ಆ ಒಂದು ಸಾಲಿನಲ್ಲೇ ಇದೆ ಅಂತ ನಾವು ತಿಳ್ಕೋಬೇಕು.

ಈ ಒಂದು ಸಾಲು ನಿಜಕ್ಕೂ ಒಂದು ಇಡೀ ಚಿಕಿತ್ಸೆ. ಅದಕ್ಕೆ ಕಾರ್ಡಿಯಾಕ್ ರಿಹ್ಯಾಬಿಲಿಟೇಶನ್ ಅಂತ ಹೆಸರು. ಕನ್ನಡದಲ್ಲಿ ಹೃದಯ ಪುನಶ್ಚೇತನ ಅನ್ನಬಹುದು, ನಾನು ರಿಹ್ಯಾಬ್ ಅಂತಲೇ ಬರೀತೀನಿ. ಸುಮಾರು 12 ವಾರ ನಡೆಯುವ ಕಾರ್ಯಕ್ರಮ. ಲೆಕ್ಕ ಹಾಕಿ ಸ್ವಲ್ಪ ಸ್ವಲ್ಪವೇ ಹೆಚ್ಚಿಸುವ ವ್ಯಾಯಾಮ, ಗುಳಿಗೆ ತಪ್ಪದ ಹಾಗೆ ನೋಡ್ಕೊಳ್ಳೋದು, ಬೀಡಿ ಸಿಗರೇಟು ಬಿಡಿಸೋದು, ಊಟ, ಬಿಪಿ, ಸಕ್ಕರೆ, ಮತ್ತೆ ಎಲ್ಲಕ್ಕಿಂತ ಮುಖ್ಯವಾಗಿ ಭಯ. ಇದೇನು ಯಾರೋ ಟಿವಿ ಗುರೂಜಿ ಹೇಳಿದ್ದಲ್ಲ. 2021ರಲ್ಲಿ ಕಾಕ್ರೇನ್ ಸಂಸ್ಥೆಯವರು ಒಟ್ಟು 85 ಪ್ರಯೋಗಗಳನ್ನ, ಅಂದ್ರೆ 23 ಸಾವಿರಕ್ಕೂ ಹೆಚ್ಚು ರೋಗಿಗಳ ಲೆಕ್ಕವನ್ನ ಒಟ್ಟಿಗೆ ಇಟ್ಟು ನೋಡಿದ್ರು. ವ್ಯಾಯಾಮ ಇರುವ ರಿಹ್ಯಾಬ್ ಮಾಡಿದವರಲ್ಲಿ ಹೃದಯದ ಕಾಯಿಲೆಯಿಂದ ಸಾಯೋರು, ಮತ್ತೆ ಅಟ್ಯಾಕ್ ಆಗೋರು, ಮತ್ತೆ ಆಸ್ಪತ್ರೆ ಸೇರೋರು ಎಲ್ಲ ಕಡಿಮೆ. ಇಷ್ಟೇ ಫಲ ಕೊಡುವ ಒಂದು ಗುಳಿಗೆ ಇದ್ದಿದ್ರೆ ಮೆಡಿಕಲ್ ರೆಪ್‌ಗಳು ಡಾಕ್ಟರುಗಳ ಬಾಗಿಲಲ್ಲೇ ಹಾಸಿಗೆ ಹಾಸ್ಕೊಂಡು ಮಲಗಿರ್ತಿದ್ರು.

ನಮ್ಮ ದೇಶದಲ್ಲಿ ಇದರ ಸ್ಥಿತಿ ಏನು ಗೊತ್ತಾ? ಮಣಿಪಾಲದ ಅಬ್ರಹಾಂ ಸ್ಯಾಮ್ಯುಯೆಲ್ ಬಾಬು ಮತ್ತು ಜೊತೆಗಾರರು ಭಾರತದ ರಿಹ್ಯಾಬ್ ಕೇಂದ್ರಗಳ ಲೆಕ್ಕ ತೆಗೆದು 2020ರಲ್ಲಿ ಪ್ರಕಟಿಸಿದ್ರು. ವರ್ಷಕ್ಕೆ 360 ರೋಗಿಗಳಿಗೆ ಒಂದು ಜಾಗ! ಇನ್ನೂ 33 ಲಕ್ಷ ಜಾಗ ಬೇಕು ಅಂತ ಅವರ ಅಂದಾಜು. ಕೆಎಸ್ಸಾರ್ಟಿಸಿ ಬಸ್ಸಿನ ಒಂದು ಸೀಟಿಗೆ 360 ಜನ ಕರ್ಚೀಫು ಹಾಕಿದ ಹಾಗೆ.

ನಾನು ಜಗಳ ತೆಗೀಬೇಕು ಅಂತಿರೋದು ಇನ್ನೊಂದು ವಿಷಯಕ್ಕೆ. ಕರೋನ ಬಂತಲ್ಲ, ಆಗ ಈ 360ರ ಲೆಕ್ಕವನ್ನೇ ತಲೆಕೆಳಗು ಮಾಡುವ ಒಂದು ದಾರಿ ತಾನಾಗಿ ತೆರೆದುಕೊಂಡಿತ್ತು. ರೋಗಿ ಆಸ್ಪತ್ರೆಗೆ ಬರೋದೇ ಬೇಡ, ರಿಹ್ಯಾಬ್ ಅವನ ಮನೆಗೆ ಹೋಗಲಿ ಅನ್ನೋ ದಾರಿ. ಪ್ರಪಂಚವೆಲ್ಲ ಬಲವಂತವಾಗಿ ಅದನ್ನ ಮಾಡಿ ನೋಡಿತು, ಆಗತ್ತೆ ಅಂತಲೂ ಗೊತ್ತಾಯ್ತು. ಆಮೇಲೆ ಮಾಸ್ಕ್ ಬಿಚ್ಚಿ ಎಸೆದ ಹಾಗೆ ಅದನ್ನೂ ಎಸೆದುಬಿಟ್ಟೆವು.

2020ರ ಮಾರ್ಚಿನಲ್ಲಿ ಏನಾಯ್ತು ನೋಡಿ. ಆಸ್ಪತ್ರೆಗಳಲ್ಲಿ ಮೊದಲು ಬಾಗಿಲು ಹಾಕಿದ ವಿಭಾಗಗಳಲ್ಲಿ ರಿಹ್ಯಾಬ್ ಜಿಮ್ಮೂ ಒಂದು. ವಯಸ್ಸಾದವರು, ಹೃದ್ರೋಗಿಗಳು, ಒಂದೇ ಕೋಣೇಲಿ ಏದುಸಿರು ಬಿಡ್ತಾ ವ್ಯಾಯಾಮ ಮಾಡೋದು... ವೈರಸ್ಸಿಗೆ ಅದಕ್ಕಿಂತ ಒಳ್ಳೇ ಜಾಗ ಬೇಕಾ? ಮುಚ್ಚಿದ್ದು ಸರಿಯೇ. ಪ್ರಪಂಚದಾದ್ಯಂತ ಸುಮಾರು 4400 ರಿಹ್ಯಾಬ್ ಕಾರ್ಯಕ್ರಮಗಳು ನಿಂತುಹೋದವು ಅಥವಾ ತಾತ್ಕಾಲಿಕವಾಗಿ ಮುಚ್ಚಿದವು ಅಂತ ಅಂತಾರಾಷ್ಟ್ರೀಯ ಸಮೀಕ್ಷೆಯೊಂದು ಅಂದಾಜು ಮಾಡಿತು. ಅಲ್ಲಿದ್ದ ನರ್ಸುಗಳನ್ನ, ಫಿಸಿಯೋಥೆರಪಿಸ್ಟುಗಳನ್ನ ಕೋವಿಡ್ ವಾರ್ಡಿಗೆ ಹಾಕಿದ್ರು. ಆದ್ರೆ ಹಾರ್ಟ್ ಅಟ್ಯಾಕುಗಳೇನು ಲಾಕ್‌ಡೌನ್ ಪಾಲಿಸಲಿಲ್ಲ. ಸ್ಟೆಂಟ್ ಹಾಕಿಸಿಕೊಂಡವರು ಮನೆಗೆ ಹೋಗ್ತಾನೇ ಇದ್ರು.

ಆಗ ಬ್ರಿಟನ್ನು, ಅಮೆರಿಕ, ಕೆನಡಾ, ಆಸ್ಟ್ರೇಲಿಯಾದ ತಂಡಗಳು ಫೋನ್ ಎತ್ತಿಕೊಂಡವು. ಬ್ರಿಟನ್ನಿನಲ್ಲಿ ಅಲ್ಲಿಯವರೆಗೆ ಮನೆಯಲ್ಲೇ ರಿಹ್ಯಾಬ್ ಮಾಡುವವರು ಅಲ್ಪಸಂಖ್ಯಾತರು, ಆ ವರ್ಷ ಅವರೇ ಬಹುಸಂಖ್ಯಾತರಾದ್ರು. ಇದು ಪೂರ್ತಿ ಹೊಸದಾಗಿ ಕಂಡುಹಿಡಿದದ್ದೂ ಅಲ್ಲ. ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಬಾಬ್ ಲೆವಿನ್ ಮತ್ತು ಸಂಗಡಿಗರು 'ಹಾರ್ಟ್ ಮ್ಯಾನ್ಯುಯಲ್' ಅಂತ ಒಂದು ಪುಸ್ತಕ, ಜೊತೆಗೆ ಕ್ಯಾಸೆಟ್ಟು ಮಾಡಿದ್ರು. ಕ್ಯಾಸೆಟ್ ರೀ! ಆರು ವಾರದ ಕಾರ್ಯಕ್ರಮ. ಅಟ್ಯಾಕ್ ಆದವರು ಮನೇಲಿ ಕೂತು ಓದಿ, ಕೇಳಿ, ಮಾಡೋದು, ಮಧ್ಯೆ ಮಧ್ಯೆ ಒಬ್ಬ ನರ್ಸ್ ಮಾತಾಡಿಸಿ ವಿಚಾರಿಸೋದು. ಅದರ ಫಲಿತಾಂಶ 1992ರಲ್ಲೇ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಆತಂಕ, ಖಿನ್ನತೆ ಕಡಿಮೆಯಾಗಿತ್ತು, ಮೊದಲ ಆರು ತಿಂಗಳಲ್ಲಿ ಮತ್ತೆ ಆಸ್ಪತ್ರೆ ಸೇರಿದವರೂ ಕಡಿಮೆ. ಆಮೇಲೆ ಮನೆಯ ರಿಹ್ಯಾಬು, ಆಸ್ಪತ್ರೆಯ ರಿಹ್ಯಾಬು ಎರಡನ್ನೂ ಹೋಲಿಸಿ ನೋಡಿದ ಎರಡು ಡಜನ್ ಪ್ರಯೋಗಗಳಾಗಿವೆ, ಸುಮಾರು ಮೂರು ಸಾವಿರ ರೋಗಿಗಳ ಮೇಲೆ. ಎರಡರ ಫಲವೂ ಹತ್ತಿರ ಹತ್ತಿರ ಒಂದೇ. ಆ ಪ್ರಯೋಗಗಳಲ್ಲಿದ್ದವರು ಬಹುಪಾಲು ಕಡಿಮೆ ಅಪಾಯದ, ಮಧ್ಯಮ ಅಪಾಯದ ರೋಗಿಗಳು. ಅದನ್ನೂ ಹೇಳಿಬಿಡಬೇಕು, ಇಲ್ಲದಿದ್ರೆ ಮೋಸ.

ನಮ್ಮಲ್ಲಿ? ಲಾಕ್‌ಡೌನ್ ಶುರುವಾದ 2020ರ ಮಾರ್ಚ್ 25ನೇ ತಾರೀಖೇ ಟೆಲಿಮೆಡಿಸಿನ್ ಮಾರ್ಗಸೂಚಿಯೂ ಹೊರಬಂತು. ಎಷ್ಟೋ ವರ್ಷದಿಂದ ನೆನೆಗುದಿಗೆ ಬಿದ್ದದ್ದು ಒಂದೇ ದಿನದಲ್ಲಿ! ಖುಷಿಪಡುವ ವಿಷಯವೇ. ಆದ್ರೆ ಅದನ್ನ ಓದಿದ್ರೆ ಅದು ನೋಂದಾಯಿತ ವೈದ್ಯರಿಗೆ ಮಾತ್ರ ಬರೆದದ್ದು. ರಿಹ್ಯಾಬಿನ ಮುಕ್ಕಾಲು ಕೆಲಸ ಮಾಡುವ ಫಿಸಿಯೋಥೆರಪಿಸ್ಟ್, ಡಯಟೀಶಿಯನ್, ನರ್ಸ್ ಅದರ ವ್ಯಾಪ್ತಿಗೇ ಬರಲಿಲ್ಲ. ಫಿಸಿಯೋಥೆರಪಿಯವರಿಗೆ ದೇಶ ಪೂರ್ತಿಗೆ ಒಂದು ಕಾನೂನು ಅಂತ ಆಗಿದ್ದೇ 2021ರಲ್ಲಿ.

ನನ್ನ ಸೋದರಮಾವನ ಕತೆ ಹೇಳ್ತೀನಿ. ಮಲೆನಾಡಿನ ಕಡೆ ಅಡಿಕೆ ತೋಟ. 61 ವರ್ಷ. 2020ರ ಫೆಬ್ರುವರಿಯಲ್ಲಿ ಬೆಂಗಳೂರಿನ ಒಂದು ದೊಡ್ಡ ಆಸ್ಪತ್ರೆಯಲ್ಲಿ ಬೈಪಾಸ್ ಆಯ್ತು. ಆಪರೇಶನ್ ಚೆನ್ನಾಗೇ ಆಯ್ತು, ಡಾಕ್ಟರ ಕೈಗುಣದ ಬಗ್ಗೆ ಒಂದು ಮಾತೂ ಆಡಲ್ಲ. ಊರಿಗೆ ಹೋದ ಮೇಲೆ ಲಾಕ್‌ಡೌನ್. ಚೆಕಪ್ಪಿಗೆ ಬರಬೇಡಿ ಅಂದ್ರು. ಅತ್ತೆ ಏನು ಮಾಡಿದ್ರು? ಯಾವ ಹೆಂಡತಿಯಾದ್ರೂ ಮಾಡುವ ಕೆಲಸ. ಮಾವನನ್ನ ಜಗಲಿಯ ಆರಾಮ ಕುರ್ಚಿಯಲ್ಲಿ ಕೂರಿಸಿ ಏಳಕ್ಕೇ ಬಿಡಲಿಲ್ಲ. ನೀರಿನ ಚೊಂಬೂ ಕೈಗೇ ಬರ್ತಿತ್ತು. ಕೆಮ್ಮಿದ್ರೆ ಎದೆ ಒಡೆದುಹೋಗತ್ತೆ ಅಂತ ಇಬ್ಬರಿಗೂ ಹೆದರಿಕೆ. ನೋಡಕ್ಕೆ ಬಂದವರೆಲ್ಲ "ರೆಸ್ಟ್ ತಗೊಳ್ಳಿ ಭಾವಯ್ಯ, ತೋಟ ಎಲ್ಲಿಗೂ ಓಡಿಹೋಗಲ್ಲ" ಅನ್ನೋರು. ಮೂರು ತಿಂಗಳಲ್ಲಿ ತೊಡೆಯೆಲ್ಲ ಸೊರಗಿ ಕಡ್ಡಿ ಆಯ್ತು. ತೋಟಕ್ಕೆ ಇಳಿಯೋ ದರೆ ನೋಡಿದ್ರೇ ಕಣ್ಣಲ್ಲಿ ನೀರು ಹಾಕ್ಕೊಳ್ಳೋರು. ಈ ಮನುಷ್ಯ ಹಿಂದೆಂದೂ ಅತ್ತಿದ್ದು ನಾನು ನೋಡಿರಲಿಲ್ಲ.

ಕುರ್ಚಿ ಅಂದೆನಲ್ಲ, ಅದರ ಕತೆ ತಮಾಷೆಯಾಗಿದೆ. ಒಂದು ಕಾಲದಲ್ಲಿ ಕುರ್ಚಿ ಅನ್ನೋದೇ ಕ್ರಾಂತಿ. ಅಟ್ಯಾಕ್ ಆದವರನ್ನ ನಾಲ್ಕರಿಂದ ಆರು ವಾರ ಹಾಸಿಗೆಯಿಂದ ಅಲುಗಾಡಿಸದೆ ಮಲಗಿಸ್ತಿದ್ದ ಕಾಲ ಅದು. ಬಾಸ್ಟನ್ನಿನ ಸ್ಯಾಮ್ಯುಯೆಲ್ ಲೆವೈನ್ ಮತ್ತು ಬರ್ನಾರ್ಡ್ ಲೌನ್ ಅನ್ನೋ ಡಾಕ್ಟರುಗಳು ರೋಗಿಯನ್ನ ಎಬ್ಬಿಸಿ ಕುರ್ಚಿಯಲ್ಲಿ ಕೂರಿಸಿದ್ರು, ಅದನ್ನ 1952ರಲ್ಲಿ ಪ್ರಕಟಿಸಿದ್ರು. ಅಲ್ಲಿಂದ ಕುರ್ಚಿ, ಕುರ್ಚಿಯಿಂದ ಕಾರಿಡಾರು, ಕಾರಿಡಾರಿಂದ ಬೀದಿ ಅಂತ ವೈದ್ಯಶಾಸ್ತ್ರ 70 ವರ್ಷ ನಡೆದುಬಂತು. ನಮ್ಮ ಜಗಲಿಗಳಲ್ಲಿ ಮಾತ್ರ ಅದು ಕುರ್ಚಿಗೇ ನಿಂತಿದೆ.

ಮಾವನ ಆಸ್ಪತ್ರೆಯವರು ಏನೂ ಮಾಡಲಿಲ್ಲ ಅಂತಲ್ಲ. ಜೂನ್ ತಿಂಗಳಲ್ಲಿ ಒಂದು ಆ್ಯಪಿನ ಲಿಂಕ್ ಕಳಿಸಿದ್ರು! ಅದು ಓಟಿಪಿ ಕೇಳ್ತು. ಸಿಗ್ನಲ್ ಸಿಗಬೇಕು ಅಂದ್ರೆ ಮನೆ ಹಿಂದಿನ ಗುಡ್ಡ ಹತ್ತಬೇಕು. ಹೃದ್ರೋಗಿ ವ್ಯಾಯಾಮದ ವಿಡಿಯೋ ನೋಡಕ್ಕೆ ಮೊದಲು ಗುಡ್ಡ ಹತ್ತಬೇಕು, ಹೇಗಿದೆ ವ್ಯವಸ್ಥೆ? :) ಕೊನೆಗೆ ಅವರ ಮಗನೇ ಹತ್ತಿ ಡೌನ್‌ಲೋಡ್ ಮಾಡ್ಕೊಂಡು ಬಂದ. ತೆರೆದು ನೋಡಿದ್ರೆ ಟ್ರೆಡ್‌ಮಿಲ್ ಮೇಲೆ ಟೀಶರ್ಟ್ ಹಾಕಿದ ಬಿಳಿಯ ಮನುಷ್ಯ. ಇಂಗ್ಲಿಷಿನಲ್ಲಿ "ನಿಮ್ಮ ಗುರಿ ಹೃದಯ ಬಡಿತವನ್ನು ತಲುಪಿ" ಅಂತಾನೆ. ಮಾವ ಬೀಟಾ ಬ್ಲಾಕರ್ ಗುಳಿಗೆ ತಗೊಳ್ತಿದ್ರು. ಆ ಗುಳಿಗೆ ಹೃದಯದ ಬಡಿತವನ್ನ ಹಿಡಿದು ತಗ್ಗಿಸಿಡತ್ತೆ. 220ರಲ್ಲಿ ವಯಸ್ಸು ಕಳೆದು ಬರುವ ಲೆಕ್ಕ ಅಂಥವರಿಗೆ ಹೊಂದೋದೇ ಇಲ್ಲ. ಆ ಸಂಖ್ಯೆ ಮುಟ್ಟಬೇಕು ಅಂತ ಹಟಕ್ಕೆ ಬಿದ್ರೆ ಸುಸ್ತಾಗಿ ಬೀಳಬೇಕಷ್ಟೆ.

ಅವರನ್ನ ಕುರ್ಚಿಯಿಂದ ಎಬ್ಬಿಸಿದ್ದು ಪರಿಚಯದವರ ಮೂಲಕ ಸಿಕ್ಕ ಒಬ್ಬ ಫಿಸಿಯೋಥೆರಪಿಸ್ಟ್ ಹುಡುಗಿ. ಪ್ರತಿ ಗುರುವಾರ ಸಂಜೆ ಲ್ಯಾಂಡ್‌ಲೈನಿಗೆ ಫೋನ್. ಫೈಲಿನ ಫೋಟೋ ತರಿಸಿಕೊಂಡು, ಮಾವನ ಡಾಕ್ಟರ ಹತ್ರ ಒಂದು ಮಾತು ಕೇಳಿಯೇ ಶುರು ಮಾಡಿದ್ದು. ಮೊದಲ ವಾರ ಮನೆಯ ಅಂಗಳದಲ್ಲಿ ಐದು ನಿಮಿಷ, ದಿನಕ್ಕೆ ಮೂರು ಸಲ. ನಡೆಯುವಾಗ ಪಕ್ಕದವರ ಜೊತೆ ಮಾತಾಡಕ್ಕಾಗಬೇಕು, ಹಾಡು ಹೇಳಕ್ಕಾಗಬಾರದು, ಅಷ್ಟು ಜೋರು ಸಾಕು ಅಂದ್ಳು. ಇದು ಅವಳ ಸ್ವಂತ ಬುದ್ಧಿ ಅಲ್ಲ, ರಿಹ್ಯಾಬಿನಲ್ಲಿ ಎಲ್ಲ ಕಡೆ ಬಳಸುವ ಪರೀಕ್ಷೆಯೇ. ಸ್ವೀಡನ್ನಿನ ಗುನ್ನಾರ್ ಬೋರ್ಗ್ ಅವರ 6ರಿಂದ 20ರ ತನಕದ ಸುಸ್ತಿನ ಅಳತೆಯೂ ಹೀಗೇ, ಕೇಳೋದು ರೋಗಿಯನ್ನ, ವಾಚನ್ನಲ್ಲ. ಅತ್ತೆಯನ್ನೂ ಪ್ರತಿ ವಾರ ಲೈನಿಗೆ ಕರೆದು ಮಾತಾಡಿಸೋಳು. ಕೆಮ್ಮು ಬಂದಾಗ ದಿಂಬು ಎದೆಗೆ ಅವುಚಿಕೊಳ್ಳಿ ಅಂತ ಹೇಳಿಕೊಟ್ಟದ್ದೂ ಅವಳೇ. ಆಸ್ಪತ್ರೇಲಿ ಆ ಮಾತು ಹೇಳಿದ್ರೋ ಇಲ್ಲವೋ, ಹೇಳಿದ್ರೂ ಡಿಸ್ಚಾರ್ಜ್ ದಿನದ ಗಡಿಬಿಡಿಯಲ್ಲಿ ಯಾರಿಗೆ ನೆನಪಿರತ್ತೆ? ದೀಪಾವಳಿ ಹೊತ್ತಿಗೆ ಮಾವ ತೋಟಕ್ಕೆ ಇಳಿದು ಹತ್ತಿ ಬಂದ್ರು. ಆ ಹುಡುಗಿಗೆ ದುಡ್ಡು ಕೊಡಕ್ಕೆ ಹೋದ್ರೆ ತಗೊಳ್ಳಲಿಲ್ಲ. ಒಂದು ಡಬ್ಬ ತೊಡೆದೇವು ಕಳಿಸಿದ್ರು.

ತೊಡೆದೇವಿನಲ್ಲಿ ಎಷ್ಟು ಮನೆ ನಡೆಯತ್ತೆ ಹೇಳಿ? ಅಲ್ಲೇ ಇರೋದು ಸಮಸ್ಯೆ.

ದೂರದಿಂದ ರಿಹ್ಯಾಬ್ ಅಂದ ತಕ್ಷಣ ನಮ್ಮವರಿಗೆ ಆ್ಯಪ್ ನೆನಪಾಗತ್ತೆ. ಈ ಬ್ಲಾಗ್ ಓದುವ ನೀವು ಹಲವರು ಸಾಫ್ಟ್‌ವೇರಿನವರೇ, ಬೇಜಾರು ಮಾಡ್ಕೋಬೇಡಿ. ಆ್ಯಪು, ಎದೆಗೆ ಅಂಟಿಸುವ ಪಟ್ಟಿ, ಕ್ಲೌಡು, ಡ್ಯಾಶ್‌ಬೋರ್ಡು... ಇವೆಲ್ಲ ಯಾಕೆ ಬೇಗ ಬರ್ತವೆ ಅಂದ್ರೆ ಇವಕ್ಕೆ ಹೂಡಿಕೆದಾರ ಸಿಗ್ತಾನೆ. ಗುರುವಾರ ಸಂಜೆ ಫೋನ್ ಮಾಡುವ ಹುಡುಗಿಗೆ ಯಾವ ಹೂಡಿಕೆದಾರ ಸಿಗ್ತಾನೆ? ಆದ್ರೆ ಕೆಲಸ ಮಾಡೋದು ಅದೇ. ಪುಸ್ತಕವೋ, ಕ್ಯಾಸೆಟ್ಟೋ, ವಾಟ್ಸಾಪೋ, ಸಾಮಾನು ಯಾವುದಾದ್ರೂ ಇರಲಿ, ಆ ಕಡೆ ಹೆಸರು ಹಿಡಿದು ವಿಚಾರಿಸುವ ಒಬ್ಬ ಮನುಷ್ಯ ಇರಬೇಕು. ಎಡಿನ್‌ಬರೋದ ಕ್ಯಾಸೆಟ್ಟಿನ ಜೊತೆಗೂ ಒಬ್ಬ ನರ್ಸ್ ಇದ್ದದ್ದು ಅದಕ್ಕೇ.

ಸರಿ, ಹಾಗಾದ್ರೆ ಖರ್ಚು ಎಷ್ಟು? ನಾನೇ ಕೂತು ಲೆಕ್ಕ ಹಾಕಿದೆ, ತಪ್ಪಿದ್ರೆ ತಿದ್ದಿ. ಒಂದು ಕರೆಗೆ 20 ನಿಮಿಷ. ದಿನಕ್ಕೆ ಆರು ಗಂಟೆ ಫೋನಲ್ಲೇ ಅಂದ್ರೆ 18 ಕರೆ. ವಾರಕ್ಕೆ ಆರು ದಿನ, 108 ಕರೆ. ಒಬ್ಬೊಬ್ಬರಿಗೆ ವಾರಕ್ಕೊಂದು ಕರೆ ಅಂದ್ರೆ ಒಬ್ಬ ಫಿಸಿಯೋಥೆರಪಿಸ್ಟೋ ನರ್ಸೋ ಒಂದು ಹೊತ್ತಿನಲ್ಲಿ 100 ರೋಗಿಗಳನ್ನ ನೋಡ್ಕೋಬಹುದು. ಸಂಬಳ ತಿಂಗಳಿಗೆ 30 ಸಾವಿರ ಅಂತಲೇ ಇಟ್ಕೊಳ್ಳಿ. 12 ವಾರಕ್ಕೆ 90 ಸಾವಿರ. ರೋಗಿಗೆ 900 ರೂಪಾಯಿ. ಕನ್ನಡದಲ್ಲಿ ಅಚ್ಚು ಹಾಕಿದ ಒಂದು ಪುಸ್ತಕ, ಫೋನ್ ಬಿಲ್ಲು, ಮನೆಗೆ ಕೊಟ್ಟು ವಾಪಸ್ ತಗೊಳ್ಳುವ ಬಿಪಿ ಮಶೀನು, ಮೇಲೊಬ್ಬ ಡಾಕ್ಟರ ಉಸ್ತುವಾರಿ, ಎಲ್ಲ ಸೇರಿಸಿ ಡಬಲ್ ಮಾಡಿ, 1800.

ಈಗ ಸ್ಟೆಂಟಿಗೆ ಬನ್ನಿ. 2017ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಸ್ಟೆಂಟಿನ ಬೆಲೆಗೆ ಮಿತಿ ಹಾಕಿತು, ನೆನಪಿರಬಹುದು. ಔಷಧಿ ಲೇಪಿಸಿದ ಸ್ಟೆಂಟಿಗೆ 29,600 ರೂಪಾಯಿ. ಆಗ ಎಲ್ಲರೂ ಭೇಷ್ ಅಂದೆವು, ನಾನೂ ಅಂದೆ, ಈಗಲೂ ಅಂತೀನಿ. ಆಮೇಲೆ ಆ ಮಿತಿ ಮೇಲೇರಿದೆ. ಅಂದ್ರೆ ಒಂದೇ ಒಂದು ಸ್ಟೆಂಟಿನ ಅಂದಿನ ಬೆಲೆಯಲ್ಲಿ ನನ್ನ ಡಬಲ್ ಲೆಕ್ಕದ ಪ್ರಕಾರವೇ 16 ಜನಕ್ಕೆ ರಿಹ್ಯಾಬ್ ಮಾಡಿಸಬಹುದು. ಸ್ಟೆಂಟ್ ಬೇಡ ಅಂತ ಖಂಡಿತಾ ಹೇಳ್ತಿಲ್ಲ. ಅಟ್ಯಾಕ್ ಆದ ಹೊತ್ತಿನಲ್ಲಿ ಅದು ಜೀವ ಉಳಿಸತ್ತೆ. ಜೀವ ಉಳಿಸಿದ ಮೇಲೆ ಆ ಜೀವವನ್ನ ಕುರ್ಚಿಯಲ್ಲಿ ಕೂರಿಸಿ ಕೈತೊಳ್ಕೊಳ್ಳೋದು ಯಾವ ನ್ಯಾಯ ಅಂತ ಕೇಳ್ತಿದೀನಿ.

ಪ್ರಧಾನಮಂತ್ರಿ ಜನ ಆರೋಗ್ಯ ಯೋಜನೆಯ ನಿಯಮ ನೋಡಿ. ಆಸ್ಪತ್ರೆ ಸೇರುವ ಮೂರು ದಿನ ಮೊದಲಿನ ಖರ್ಚು, ಬಿಡುಗಡೆ ಆದ ಮೇಲೆ 15 ದಿನದ ಖರ್ಚು ಪ್ಯಾಕೇಜಿನಲ್ಲೇ ಸೇರಿದೆ. ರಿಹ್ಯಾಬಿಗೆ ಬೇಕಾದದ್ದು 12 ವಾರ, ಅಂದ್ರೆ 84 ದಿನ. ಹದಿನಾರನೇ ದಿನ ಅವನು ಯಾರ ರೋಗಿ? ಆಸ್ಪತ್ರೆಯವನಲ್ಲ, ಸರ್ಕಾರದವನಲ್ಲ. ಹೆಂಡತಿಯ ರೋಗಿ.

ಅಮೆರಿಕದಲ್ಲಿರುವ ಬ್ಲಾಗಿಗರು "ನಮ್ಮಲ್ಲಿ ಹಾಗಲ್ಲ" ಅಂತ ಹೇಳುವ ಮೊದಲೇ ಹೇಳಿಬಿಡ್ತೀನಿ. ಅಲ್ಲಿ ಮೆಡಿಕೇರ್ ರಿಹ್ಯಾಬಿಗೆ 36 ಸೆಷನ್ನಿನ ದುಡ್ಡು ಕೊಡತ್ತೆ. ಆದ್ರೂ ಅರ್ಹರಲ್ಲಿ ಸುಮಾರು ಕಾಲು ಭಾಗ ಮಾತ್ರ ಒಂದು ಸಲವಾದ್ರೂ ಹೋಗೋದು, ಹಾಗೆ ಹೋದವರಲ್ಲಿ 36ನ್ನೂ ಮುಗಿಸೋರು ಮತ್ತೆ ಸುಮಾರು ಕಾಲು ಭಾಗ. ಇದು ಕರೋನಾಕ್ಕೆ ಮೊದಲಿನ, 2016-17ರ ಲೆಕ್ಕ. ಯಾಕೆ ಹೋಗಲ್ಲ? ದೂರ, ಕೆಲಸ, ಕಾರು ಓಡಿಸೋರಿಲ್ಲ. ಮನೆಗೇ ರಿಹ್ಯಾಬ್ ಕಳಿಸಿದ್ರೆ ಇದರಲ್ಲಿ ಅರ್ಧ ಕಾರಣ ಮಾಯ. ಕರೋನ ಕಾಲದಲ್ಲಿ ಅದಕ್ಕೆ ದುಡ್ಡು ಕೊಡಕ್ಕೆ ತಾತ್ಕಾಲಿಕ ಅನುಮತಿಯನ್ನೂ ಕೊಟ್ರು. ಆಸ್ಪತ್ರೆಗಳು ನೆಚ್ಚಿಕೊಂಡಿದ್ದ ಆ ಅನುಮತಿ 2023ರ ಮೇ 11ರಂದು ಆರೋಗ್ಯ ತುರ್ತುಪರಿಸ್ಥಿತಿ ಮುಗಿದ ದಿನವೇ ಮುಗಿಯಿತು. ವೈರಸ್ಸು ಹೋಯ್ತು, ಇನ್ನು ಬಂದು ಜಿಮ್ಮಿನಲ್ಲೇ ಮಾಡಿ ಅಂದ ಹಾಗೆ. ದೊಡ್ಡವರ ಮನೆಯ ದೋಸೆಯೂ ತೂತೇ!

ಇದಕ್ಕೆ ಆಕ್ಷೇಪ ಏನು ಬರತ್ತೆ ಅಂತ ಗೊತ್ತು. "ಮನೇಲಿ ವ್ಯಾಯಾಮ ಮಾಡುವಾಗ ಏನಾದ್ರೂ ಆದ್ರೆ?" ಒಳ್ಳೇ ಪ್ರಶ್ನೆ. ಇದಕ್ಕೆ ಉತ್ತರ ಎಲ್ಲರನ್ನೂ ಮನೆಗೆ ಕಳಿಸೋದಲ್ಲ, ಮೊದಲು ಸೋಸೋದು. ಸುಮ್ಮನೆ ಕೂತಾಗಲೂ ಎದೆನೋವು ಬರ್ತಿದ್ದವರು, ಹೃದಯದ ಕವಾಟ ತೀರಾ ಕಿರಿದಾದವರು, ಹತೋಟಿಗೆ ಬಾರದ ಬಡಿತದ ಏರುಪೇರು ಇದ್ದವರು, ಕಾಲು ಊದಿಕೊಂಡು ಮಲಗಿದ್ರೆ ಉಸಿರು ಕಟ್ಟುವವರು... ಇವರಿಗೆ ಮೊದಲು ಡಾಕ್ಟರ ಚಿಕಿತ್ಸೆ, ವ್ಯಾಯಾಮ ಆಮೇಲೆ, ಅದೂ ಕಣ್ಣೆದುರಿಗೆ. ಉಳಿದವರನ್ನ ಆಸ್ಪತ್ರೆಯಿಂದ ಬಿಡುವ ಮೊದಲೇ ಕಾರಿಡಾರಿನಲ್ಲಿ ಆರು ನಿಮಿಷ ನಡೆಸಿ ಎಷ್ಟು ದೂರ ನಡೀತಾರೆ ನೋಡಿದ್ರೆ ಎಲ್ಲಿಂದ ಶುರು ಮಾಡಬೇಕು ಅಂತ ಗೊತ್ತಾಗತ್ತೆ. ಕರೋನ ಕಾಲದಲ್ಲಿ ಅದೂ ಆಗದೆ ವಿಡಿಯೋದಲ್ಲಿ ಕುರ್ಚಿಯಿಂದ ಎಷ್ಟು ಸಲ ಎದ್ದು ಕೂರ್ತಾರೆ ಅಂತ ಎಣಿಸಿದವರಿದ್ದಾರೆ. ಯಾವ ನೋವಿಗೆ ನಿಲ್ಲಿಸಬೇಕು, ಯಾವಾಗ 108ಕ್ಕೆ ಫೋನ್ ಮಾಡಬೇಕು ಅಂತ ಮನೆಯವರಿಗೆ ಕನ್ನಡದಲ್ಲಿ ಬರೆದು ಗೋಡೆಗೆ ಅಂಟಿಸಬೇಕು. ಇಷ್ಟು ಮಾಡಿದ ಮೇಲೂ ಅಪಾಯ ಸೊನ್ನೆ ಆಗಲ್ಲ. ಆದ್ರೆ ಕುರ್ಚಿಯ ಅಪಾಯವನ್ನ ಯಾರು ಲೆಕ್ಕ ಇಟ್ಟಿದ್ದಾರೆ? ನಡೆಯುವಾಗ ಬಿದ್ದು ಸತ್ರೆ ಪೇಪರಲ್ಲಿ ಬರತ್ತೆ, ಕೂತು ಕೂತು ಸತ್ರೆ ಬರಲ್ಲ.

ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು ಹೋದಾಗ ನೋಡಿದೆವಲ್ಲ. ಜಯದೇವ ಆಸ್ಪತ್ರೆಯ ಮುಂದೆ ಚೆಕಪ್ಪಿಗೆ ಜನವೋ ಜನ. ಜಿಮ್ಮಿಗೆ ಹೋಗೋದೇ ಅಪಾಯ ಅಂತ ಟಿವಿಯವರು ವಾರಗಟ್ಟಲೆ ಅರಚಿದ್ರು. 2025ರಲ್ಲಿ ಹಾಸನದ ಹೃದಯಾಘಾತದ ಸುದ್ದಿ ಬಂದಾಗಲೂ ಅದೇ ಸಾಲು, ಅದೇ ಗಾಬರಿ. ಆ ಟಿವಿ ನೋಡಿದ ಹೃದ್ರೋಗಿಯ ಮನೆಯಲ್ಲಿ ಏನಾಗಿರತ್ತೆ ಯೋಚಿಸಿ. ಅಂಗಳದಲ್ಲಿ ಐದು ನಿಮಿಷ ನಡೀತಿದ್ದವನೂ ಮತ್ತೆ ಕುರ್ಚಿಗೆ. ಅವನಿಗೆ ಬೇಕಾದದ್ದು ಆ ವಾರ ಒಂದು ಫೋನ್, "ನಿಮ್ಮ ವ್ಯಾಯಾಮ ನಿಲ್ಲಿಸಬೇಡಿ, ನಿಮ್ಮ ವಿಷಯ ಬೇರೆ" ಅಂತ ಹೇಳುವ ಒಂದು ಗೊತ್ತಿರುವ ದನಿ.

ಪುನೀತ್ ಹೆಸರಿನಲ್ಲೇ ರಾಜ್ಯ ಸರ್ಕಾರ ಹೃದಯ ಜ್ಯೋತಿ ಯೋಜನೆ ತಂದಿದೆ. ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದು ದೊಡ್ಡ ಆಸ್ಪತ್ರೆಗೆ ಕಳಿಸೋದು, ಅಲ್ಲಿಂದ ಹೇಳಿದ ಕೂಡಲೇ ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ ಪುಕ್ಕಟೆ ಕೊಡೋದು. ಮನಸಾರೆ ಹೊಗಳಬೇಕಾದ ಯೋಜನೆ. ಅಂದ ಮೇಲೆ ತಾಲ್ಲೂಕಿಗೂ ಜಯದೇವಕ್ಕೂ ತಂತಿ ಎಳೆದಾಗಿದೆ. ರೋಗಿಯ ಹೆಸರು, ಊರು, ಫೋನ್ ನಂಬರು ಎಲ್ಲ ದಾಖಲಾಗಿದೆ. ಮೊದಲ ಒಂದು ಗಂಟೆಗೆ ಇಷ್ಟೆಲ್ಲ ಮಾಡುವ ಸರ್ಕಾರಕ್ಕೆ ಅದೇ ನಂಬರಿಗೆ ಮುಂದಿನ 12 ವಾರ ಫೋನ್ ಮಾಡಿಸಕ್ಕೆ ಏನು ಅಡ್ಡಿ? ಫೋನಿನಲ್ಲಿ ಚಿಕಿತ್ಸೆ ನಡೆಯಲ್ಲ ಅಂತ ಹೇಳುವ ಹಾಗಿಲ್ಲ. ಮನಸ್ಸಿನ ಕಾಯಿಲೆಗೆ 14416 ಅನ್ನೋ ಟೆಲಿ ಮಾನಸ್ 2022ರ ಅಕ್ಟೋಬರಿನಿಂದ ನಡೀತಿದೆ, ಅದರ ತಲೆಯಾಗಿರೋದು ನಮ್ಮ ಬೆಂಗಳೂರಿನ ನಿಮ್ಹಾನ್ಸೇ.

ಒಂದು ಎಚ್ಚರಿಕೆ. ಇದನ್ನೂ ಆಶಾ ಕಾರ್ಯಕರ್ತೆಯರ ತಲೆಗೆ ಕಟ್ಟುವ ಐಡಿಯಾ ಯಾರಿಗಾದ್ರೂ ಬರಬಹುದು. ತಿಂಗಳಿಗೆ ಹದಿನೈದು ಸಾವಿರ ಕೊಡಿ ಅಂತ 2025ರ ಜನವರಿ ಚಳಿಯಲ್ಲಿ ಫ್ರೀಡಂ ಪಾರ್ಕಿನಲ್ಲಿ ಅಹೋರಾತ್ರಿ ಕೂತವರು ಅವರು. ಓದಿ ಮುಗಿಸಿ ಕೆಲಸ ಹುಡುಕ್ತಿರುವ ಫಿಸಿಯೋಥೆರಪಿ ಹುಡುಗ ಹುಡುಗಿಯರಿದ್ದಾರಲ್ಲ, ಸಂಬಳ ಕೊಟ್ಟು ಅವರನ್ನ ತಗೊಳ್ಳಿ.

"ನಮ್ಮದೇ ಯೋಗ ಇದೆಯಲ್ಲ" ಅನ್ನೋರಿಗೂ ಒಂದು ಮಾತು. ಅದನ್ನೂ ನಮ್ಮವರೇ ಪರೀಕ್ಷೆ ಮಾಡಿದ್ದಾರೆ. ಪ್ರಭಾಕರನ್ ಮತ್ತು ತಂಡದವರ ಯೋಗ-ಕೇರ್ ಪ್ರಯೋಗ, ದೇಶದ 24 ಆಸ್ಪತ್ರೆ, ಅಟ್ಯಾಕ್ ಆದ 3959 ಜನ, 2020ರಲ್ಲಿ ಫಲಿತಾಂಶ. ಯೋಗದ ಗುಂಪಿನಲ್ಲಿ ಮತ್ತೆ ಅಟ್ಯಾಕ್, ಸಾವು ಇತ್ಯಾದಿ ಸ್ವಲ್ಪ ಕಡಿಮೆ ಕಂಡರೂ ಖಚಿತವಾಗಿ ಹೇಳುವಷ್ಟು ವ್ಯತ್ಯಾಸ ಇರಲಿಲ್ಲ. ಆರೋಗ್ಯ ಸುಧಾರಿಸಿದೆ ಅಂತ ರೋಗಿಗಳಿಗೆ ಅನ್ನಿಸಿದ್ದು ಮಾತ್ರ ಹೆಚ್ಚು. 13ರಲ್ಲಿ 10 ತರಗತಿಗಾದ್ರೂ ಬಂದವರಲ್ಲಿ ಫಲ ಚೆನ್ನಾಗಿತ್ತು, ಆದ್ರೆ ಅಷ್ಟು ಸಲ ಬರಕ್ಕೆ ಶಕ್ತಿ ಇದ್ದವರು ಮೊದಲೇ ಗಟ್ಟಿಯಾಗಿದ್ದಿರಬಹುದು. ನನಗೆ ಯೋಗದ ಮೇಲೆ ಸಿಟ್ಟೇನಿಲ್ಲ, ನಡಿಗೆ ಬೇಡ ಅನ್ನೋರಿಗೆ ಯೋಗ ಆಗಲಿ. ಹತ್ತು ತರಗತಿಗೆ ಬರಿಸೋದು ಹೇಗೆ ಅನ್ನೋದೇ ಅಲ್ಲೂ ಪ್ರಶ್ನೆ. ಚಿಕ್ಕೋಡಿಯವನು, ಪಾವಗಡದವನು, ಸುಳ್ಯದವನು ವಾರಕ್ಕೊಮ್ಮೆ ಕೂಲಿ ಬಿಟ್ಟು, ಬಸ್ ಚಾರ್ಜ್ ಕೊಟ್ಟು, ಜೊತೆಗೊಬ್ಬರನ್ನ ಕರ್ಕೊಂಡು ನಗರದ ಆಸ್ಪತ್ರೆಗೆ ಬರ್ತಾನಾ? ಬರಲ್ಲ. ಹಾಗಂತ ಅವನಿಗೆ ತನ್ನ ಆರೋಗ್ಯದ ಬಗ್ಗೆ ಕಾಳಜಿಯೇ ಇಲ್ಲ ಅಂತ ಆಸ್ಪತ್ರೆಯವರು ಷರಾ ಬರೀತಾರೆ.

ಬ್ಲಾಗ್ ಮಿತ್ರರೇ, ಯೋಜನೆ ಬರುವವರೆಗೆ ಕಾಯಕ್ಕೆ ನಮ್ಮ ಮನೆಯವರ ಹೃದಯಕ್ಕೆ ಪುರುಸೊತ್ತಿಲ್ಲ. ಮುಂದಿನ ಸಲ ನಿಮ್ಮವರ ಯಾರದ್ದಾದ್ರೂ ಡಿಸ್ಚಾರ್ಜ್ ದಿನ ಬಿಲ್ ಕೌಂಟರಿನ ಮುಂದೆ ನಿಲ್ಲುವ ಮೊದಲು ಡಾಕ್ಟರ ಹತ್ರ ಕೇಳಿ. ಇವರು ನಾಳೆ ಬೆಳಗ್ಗೆ ಎಷ್ಟು ನಿಮಿಷ ನಡೀಬೇಕು, ಹದಿನೈದು ದಿನ ಆದ ಮೇಲೆ ಎಷ್ಟು? ಮನೆ ವ್ಯಾಯಾಮ ಇವರಿಗೆ ಸುರಕ್ಷಿತವಾ, ಅಥವಾ ನಿಮ್ಮ ಕಣ್ಣೆದುರಿಗೇ ಆಗಬೇಕಾ? ಯಾವ ಲಕ್ಷಣ ಕಂಡ್ರೆ ನಿಲ್ಲಿಸಬೇಕು? ಮುಂದಿನ 12 ವಾರ ವಾರಕ್ಕೊಂದು ಸಲ ನಮಗೆ ಫೋನ್ ಮಾಡುವವರು ಯಾರು, ಅವರ ಹೆಸರೇನು, ಯಾವ ವಾರ, ಎಷ್ಟು ಗಂಟೆಗೆ? ಕೊನೇ ಪ್ರಶ್ನೆಗೆ ಯಾವುದಾದ್ರೂ ಆಸ್ಪತ್ರೆಯಲ್ಲಿ ಒಂದು ಹೆಸರು, ಒಂದು ವಾರ, ಒಂದು ಗಂಟೆ ಹೇಳಿದ್ರೆ ದಯವಿಟ್ಟು ಇಲ್ಲಿ ಬರೀರಿ. ಒಳ್ಳೇ ಕೆಲಸ ಮಾಡಿದವರ ಪಟ್ಟಿ ಒಂದು ಪಕ್ಕದಲ್ಲಿ ಹಾಕ್ತೀನಿ, ಜಾಗ ಬೇಕಾದಷ್ಟಿದೆ.